ಸರದಿಯ ಗಣಿತವನ್ನು ಕಟ್ಟಿದ ಆಗ್ನರ್ ಕ್ರಾರುಪ್ ಎರ್ಲಾಂಗ್

ಲೋಕದಲ್ಲಿ ಕಾಯದೆ ಬಾಳಿದವರಿಲ್ಲ. ಕೆರೆಯ ತೂಬನ್ನು ತೆಗೆದ ದಿನ ತನ್ನ ಗದ್ದೆಯ ಪಾಳಿ ಬರುವವರೆಗೆ ರೈತನು ಬದುವಿನ ಮೇಲೆ ಕುಳಿತು ಕಾಯುತ್ತಾನೆ. ನ್ಯಾಯಬೆಲೆಯ ಅಂಗಡಿಯ ಮುಂದೆ ಗೃಹಿಣಿಯು, ಆಸ್ಪತ್ರೆಯ ಮೊಗಸಾಲೆಯಲ್ಲಿ ರೋಗಿಯು, ನಿಲ್ದಾಣದಲ್ಲಿ ಪಯಣಿಗನು ಕಾಯುತ್ತಾರೆ. ದೇವನಹಳ್ಳಿ ತಾಲ್ಲೂಕಿನ ನಮ್ಮ ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡು ತಂದ ಬೆಳೆಗಾರನು ಹರಾಜಿಗಾಗಿ, ತೂಕಕ್ಕಾಗಿ, ಹಣಕ್ಕಾಗಿ ಕಾಯುತ್ತಾನೆ. ಆ ಗೂಡಾದರೋ ಬಹುದಿನ ಇರಿಸಬಹುದಾದ ಸರಕಲ್ಲ. ಒಳಗಿನ ಹುಳು ಪತಂಗವಾಗಿ ಗೂಡನ್ನು ತೂತುಮಾಡಿಕೊಂಡು ಹೊರಬಂದರೆ ಎಳೆ ತುಂಡುತುಂಡಾಗಿ ನೂಲು ತೆಗೆಯಲು ಒದಗದೆ ಹೋಗುತ್ತದೆ. ಆದುದರಿಂದ ಕಾಯುವ ಹೊತ್ತೆಂಬುದು ಬರಿಯ ಬೇಸರದ ಮಾತಲ್ಲ, ಲಾಭನಷ್ಟಗಳ ಮಾತು. ಆಸ್ಪತ್ರೆಯ ಬಾಗಿಲಲ್ಲಿ ಅದು ಸಾವುಬದುಕಿನ ಮಾತೂ ಹೌದು.

ಈ ಕಾಯುವ ಹೊತ್ತನ್ನು ಮುಂಚಿತವಾಗಿ ಗಣಿಸಿ ಹೇಳಲು ಸಾಧ್ಯವೆ? ಸೂರ್ಯಚಂದ್ರರ ಗ್ರಹಣವನ್ನು ಘಳಿಗೆ ವಿಘಳಿಗೆಗಳವರೆಗೆ ಗಣಿಸುವ ವಿದ್ಯೆ ನಮ್ಮ ಜ್ಯೋತಿರ್ವಿದರಿಗೆ ಬಹುಕಾಲದಿಂದ ತಿಳಿದಿತ್ತು. ಆದರೆ ಗ್ರಹಗಳು ನಿಯಮ ತಪ್ಪದೆ ನಡೆಯುವಂಥವು. ಮನುಷ್ಯರು ತಮಗೆ ತೋಚಿದಾಗ ಬರುವವರು, ತೋಚಿದಷ್ಟು ಹೊತ್ತು ನಿಲ್ಲುವವರು. ಇಂಥ ಅನಿಯತವಾದ ನಡೆಗೂ ಒಂದು ಗಣಿತವುಂಟೆಂದು ತೋರಿಸಿಕೊಟ್ಟು, ಇಂದು ಭೂಮಂಡಲವನ್ನೆಲ್ಲ ಬಳಸಿರುವ ದೂರವಾಣಿ ಮತ್ತು ಗಣಕ ಜಾಲಗಳಿಗೆ ಅಸ್ತಿಭಾರವನ್ನು ಹಾಕಿದ ಮಹನೀಯರು ಡೆನ್ಮಾರ್ಕ್ ದೇಶದ ಒಂದು ಹಳ್ಳಿಯ ಉಪಾಧ್ಯಾಯರ ಮಗ, ಆಗ್ನರ್ ಕ್ರಾರುಪ್ ಎರ್ಲಾಂಗ್. ಶಾಲೆಯ ನೆರಳಿನಲ್ಲಿಯೇ ಹುಟ್ಟಿ, ಉಚಿತ ಅನ್ನ ವಸತಿಗಳ ಆಸರೆಯಲ್ಲಿ ಓದಿ, ಏಳು ವರ್ಷ ಉಪಾಧ್ಯಾಯ ವೃತ್ತಿಯನ್ನು ನಡೆಸಿದ ಈ ಮಹಾಶಯರ ಜೀವನ ವೃತ್ತಾಂತವು ಶಾಲೆಯೊಂದರ ಸಂಚಿಕೆಗೆ ಉಚಿತವಾದುದೆಂದು ಭಾವಿಸಿ ಇಲ್ಲಿ ಸಂಗ್ರಹಿಸಿದೆ.

ಜನನ ಮತ್ತು ಬಾಲ್ಯ

ಡೆನ್ಮಾರ್ಕಿನ ಪಶ್ಚಿಮ ಭಾಗದಲ್ಲಿರುವ ಜಟ್‌ಲೆಂಡ್ ಪರ್ಯಾಯದ್ವೀಪದ ಲೋನ್‌ಬೋರ್ಗ್ ಎಂಬ ಗ್ರಾಮದಲ್ಲಿ ೧೮೭೮ನೆಯ ಇಸವಿ ಜನವರಿ ೧ರಂದು ಎರ್ಲಾಂಗರು ಜನಿಸಿದರು. ತಂದೆ ಹಾನ್ಸ್ ನೀಲ್ಸನ್ ಎರ್ಲಾಂಗ್ ಅವರು ಆ ಊರಿನ ಶಾಲೆಯ ಉಪಾಧ್ಯಾಯರೂ ಅಲ್ಲಿಯ ಚರ್ಚಿನ ಗುಮಾಸ್ತರೂ ಆಗಿದ್ದರು. ತಾಯಿ ಮ್ಯಾಗ್ಡಲೀನ್ ಕ್ರಾರುಪ್ ಅವರು ಪಾದ್ರಿಗಳ ಮನೆತನದಿಂದ ಬಂದವರು. ಆ ಮನೆತನದ ಪೂರ್ವಿಕರಲ್ಲಿ ತೋಮಸ್ ಫಿಂಕೆ ಎಂಬ ಗಣಿತಜ್ಞರಿದ್ದರು. ತ್ರಿಕೋನಮಿತಿಯನ್ನು ಓದುವ ನಮ್ಮ ವಿದ್ಯಾರ್ಥಿಗಳು ದಿನವೂ ಬಳಸುವ ಟ್ಯಾಂಜೆಂಟ್, ಸೀಕೆಂಟ್ ಎಂಬ ಹೆಸರುಗಳನ್ನು ೧೫೮೩ರಲ್ಲಿ ಬಳಕೆಗೆ ತಂದವರು ಅವರೇ. ಬಾಲಕನಿಗೆ ಒಬ್ಬ ಅಣ್ಣನೂ ಇಬ್ಬರು ತಂಗಿಯರೂ ಇದ್ದರು.

ಬಾಲಕನ ಓದಿನ ಹಂಬಲವನ್ನು ಕುರಿತು ಒಂದು ಸಂಗತಿ ಪ್ರಸಿದ್ಧವಾಗಿದೆ. ಸಂಜೆಯ ಹೊತ್ತು ಅಣ್ಣನು ಮೇಜಿನ ಒಂದು ಬದಿಯಲ್ಲಿ ಪುಸ್ತಕವನ್ನಿಟ್ಟುಕೊಂಡು ಓದುತ್ತಿದ್ದರೆ, ತಮ್ಮನು ಎದುರು ಬದಿಯಲ್ಲಿ ಕುಳಿತು ಅದೇ ಪುಸ್ತಕವನ್ನು ತಲೆಕೆಳಗಾಗಿಯೇ ಓದಿಕೊಳ್ಳುತ್ತಿದ್ದನು. ಮನೆಯಲ್ಲಿ ಇದ್ದುದು ಒಂದೇ ಪುಸ್ತಕವಾದರೆ ತನ್ನ ಸರದಿಗಾಗಿ ಕಾಯದೆ ಇಬ್ಬರಿಗೂ ಅದೇ ಹೊತ್ತಿನಲ್ಲಿ ಒದಗುವಂತೆ ಮಾಡುವ ಈ ಉಪಾಯವನ್ನು ನೆನೆದಾಗ, ಮುಂದೆ ಸರದಿಯ ಶಾಸ್ತ್ರವನ್ನೇ ಕಟ್ಟಲಿದ್ದವನು ಇವನೇ ಎಂದು ಅನ್ನಿಸದಿರದು. ಆಕಾಶದ ನಕ್ಷತ್ರಗಳೆಂದರೆ ಅವನಿಗೆ ಎಲ್ಲಕ್ಕಿಂತ ಹೆಚ್ಚಿನ ಪ್ರೀತಿ. ಖಗೋಳ ವಿಷಯಗಳನ್ನು ಕುರಿತು ಪದ್ಯಗಳನ್ನು ಕಟ್ಟುವುದೂ ಅವನಿಗೆ ಪ್ರಿಯವಾಗಿತ್ತು.

ತಂದೆಯ ಶಾಲೆಯಲ್ಲಿಯೇ ಪ್ರಾರಂಭದ ಓದು ಮುಗಿಯಿತು. ಕೋಪನ್‌ಹೇಗನ್ ವಿಶ್ವವಿದ್ಯಾನಿಲಯವು ನಡೆಸುತ್ತಿದ್ದ ಪೂರ್ವಪರೀಕ್ಷೆಗೆ ಕುಳಿತುಕೊಳ್ಳಲು ವಯಸ್ಸು ಸಾಲದಿದ್ದುದರಿಂದ ವಿಶೇಷ ಅನುಮತಿಯನ್ನು ಪಡೆಯಬೇಕಾಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ಆ ಪರೀಕ್ಷೆಯಲ್ಲಿ ಅವರು ವಿಶೇಷ ಶ್ರೇಣಿಯಲ್ಲಿ ತೇರ್ಗಡೆಯಾದರು. ಬಳಿಕ ಊರಿಗೆ ಹಿಂತಿರುಗಿ ಎರಡು ವರ್ಷ ತಂದೆಯ ಶಾಲೆಯಲ್ಲಿಯೇ ಪಾಠ ಹೇಳುತ್ತ, ಫ್ರೆಂಚ್ ಮತ್ತು ಲ್ಯಾಟಿನ್ ಭಾಷೆಗಳನ್ನು ಕಲಿತರು.

ಉಪಾಧ್ಯಾಯರ ಸಂಬಳದಲ್ಲಿ ಮಗನನ್ನು ಪಟ್ಟಣದಲ್ಲಿಟ್ಟು ಓದಿಸುವುದು ಆ ಕಾಲದಲ್ಲಿ ಆ ದೇಶದಲ್ಲಿಯೂ ಸುಲಭವಾಗಿರಲಿಲ್ಲ. ಹಿಲೆರೋಡ್ ಪಟ್ಟಣದ ಫ್ರೆಡರಿಕ್ಸ್‌ಬೋರ್ಗ್ ಶಾಲೆಯಲ್ಲಿ ಓದುವಾಗ ಊಟ ವಸತಿಗಳು ಉಚಿತವಾಗಿ ದೊರೆತುದರಿಂದಲೇ ಅವರ ವಿದ್ಯಾಭ್ಯಾಸವು ಮುಂದುವರಿಯಿತು. ೧೮೯೬ರಲ್ಲಿ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಉನ್ನತ ಶ್ರೇಣಿಯನ್ನು ಗಳಿಸಿದ ಮೇಲೆ ವಿದ್ಯಾರ್ಥಿವೇತನವೂ ಅಲ್ಲಿಯ ವಿದ್ಯಾರ್ಥಿ ನಿಲಯದಲ್ಲಿ ಆಶ್ರಯವೂ ಲಭಿಸಿದವು. ಊರೂರಿನ ದಾನಿಗಳ ಔದಾರ್ಯದಿಂದ ನಡೆಯುವ ನಮ್ಮ ನಾಡಿನ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾರೋ ಪುಣ್ಯಾತ್ಮರು ಇಟ್ಟ ಅನ್ನದಿಂದ ಯಾವ ಶಾಸ್ತ್ರವು ಹುಟ್ಟೀತೆಂಬುದನ್ನು ಇಟ್ಟವರು ಅಂದು ಅರಿಯಲಾರರು.

ಉಪಾಧ್ಯಾಯ ವೃತ್ತಿ

ಸೋಯಿತೆನ್, ಯೂಲ್ ಮೊದಲಾದ ಪ್ರಸಿದ್ಧ ಗಣಿತಾಚಾರ್ಯರಲ್ಲಿ ವ್ಯಾಸಂಗ ಮಾಡಿದ ಎರ್ಲಾಂಗರು ೧೯೦೧ರಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದರು. ಗಣಿತವು ಅವರ ಪ್ರಧಾನ ವಿಷಯವಾಗಿದ್ದಿತು. ಖಗೋಳಶಾಸ್ತ್ರ, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳು ಉಪವಿಷಯಗಳಾಗಿದ್ದವು. ಅನಂತರ ಏಳು ವರ್ಷಗಳ ಕಾಲ ಹಲವು ಶಾಲೆಗಳಲ್ಲಿ ಪಾಠ ಹೇಳಿದರು. ಅಧ್ಯಾಪನದಲ್ಲಿ ಅವರಿಗೆ ಶಕ್ತಿಯಿದ್ದರೂ ಜನರ ನಡುವೆ ಬೆರೆತು ಮಾತಾಡುವುದು ಅವರ ಸ್ವಭಾವವಾಗಿರಲಿಲ್ಲ. ಮಿತಭಾಷಿಗಳು, ನೋಡಿದುದನ್ನು ಮನಸ್ಸಿನಲ್ಲಿಯೇ ಮಥಿಸುವವರು. ಆದುದರಿಂದ ಗೆಳೆಯರು ವಿನೋದಕ್ಕಾಗಿ ಅವರಿಗೆ ಏಕಾಂತದ ಮನುಷ್ಯನೆಂಬ ಅರ್ಥದ ಅಡ್ಡಹೆಸರನ್ನಿಟ್ಟಿದ್ದರು. ಬೇಸಗೆಯ ರಜೆಗಳಲ್ಲಿ ಫ್ರಾನ್ಸ್, ಸ್ವೀಡನ್, ಜರ್ಮನಿ, ಬ್ರಿಟನ್ ದೇಶಗಳಿಗೆ ಹೋಗಿ ಚಿತ್ರಶಾಲೆಗಳನ್ನೂ ಗ್ರಂಥಾಲಯಗಳನ್ನೂ ನೋಡಿ ಬರುತ್ತಿದ್ದರು.

ಪಾಠದ ಕೆಲಸದ ನಡುವೆಯೂ ಸ್ವಂತ ವ್ಯಾಸಂಗವನ್ನು ಅವರು ಬಿಡಲಿಲ್ಲ. ಹೈಗೆನ್ಸ್ ಎಂಬ ಹಿಂದಿನ ವಿಜ್ಞಾನಿಯ ಗಣಿತ ವಿಧಾನಗಳನ್ನು ಕುರಿತು ವಿಶ್ವವಿದ್ಯಾನಿಲಯವು ಒಡ್ಡಿದ್ದ ಸ್ಪರ್ಧಾಪ್ರಶ್ನೆಗೆ ಅವರು ಬರೆದ ಉತ್ತರಕ್ಕೆ ೧೯೦೪ರಲ್ಲಿ ಮನ್ನಣೆ ದೊರೆಯಿತು. ಡೆನ್ಮಾರ್ಕಿನ ಗಣಿತ ಸಂಘದ ಸಭೆಗಳಿಗೆ ತಪ್ಪದೆ ಹೋಗುತ್ತಿದ್ದರು. ಅಲ್ಲಿ ಅವರಿಗೆ ಯೊಹಾನ್ ಯೆನ್ಸನ್ ಎಂಬ ಗಣಿತಜ್ಞರ ಪರಿಚಯವಾಯಿತು. ಯೆನ್ಸನ್ನರ ಹೆಸರಿನ ಅಸಮತೆಯ ಸೂತ್ರವು ಇಂದಿಗೂ ಗಣಿತದ ಪಠ್ಯಗಳಲ್ಲಿದೆ. ಆದರೆ ಹೊಟ್ಟೆಪಾಡಿಗೆ ಅವರು ಕೋಪನ್‌ಹೇಗನ್ ದೂರವಾಣಿ ಸಂಸ್ಥೆಯಲ್ಲಿ ಮುಖ್ಯ ಎಂಜಿನಿಯರಾಗಿದ್ದರು. ಅವರ ಮೂಲಕ ಸಂಸ್ಥೆಯ ನಿರ್ದೇಶಕರಾದ ಫ್ರಿಟ್ಸ್ ಯೊಹಾನ್ಸೆನ್ನರ ಪರಿಚಯವೂ ಆಯಿತು. ಈ ಯೊಹಾನ್ಸೆನ್ನರು ದೂರವಾಣಿಯ ಕರೆಗಳೂ ಕಾಯುವ ಹೊತ್ತೂ ಹೇಗೆ ಹೊಂದಿಕೊಂಡಿರುತ್ತವೆಂಬುದನ್ನು ಸಂಭವನೀಯತೆಯ ಗಣಿತದಿಂದ ಅರಿಯಲು ಆಗಲೇ ತೊಡಗಿದ್ದರು. ೧೯೦೮ರಲ್ಲಿ ಎರ್ಲಾಂಗರು ಆ ಸಂಸ್ಥೆಯನ್ನು ಸೇರಿ, ಅದರ ಪ್ರಯೋಗಶಾಲೆಯ ಮುಖ್ಯಸ್ಥರಾಗಿ ಕೊನೆಯವರೆಗೂ ಅಲ್ಲಿಯೇ ಸೇವೆ ಸಲ್ಲಿಸಿದರು.

ದೂರವಾಣಿ ಕೇಂದ್ರದ ಸಮಸ್ಯೆ

ಆ ಕಾಲದ ದೂರವಾಣಿಯಲ್ಲಿ ಸಂಖ್ಯೆಯನ್ನು ತಿರುಗಿಸಿದೊಡನೆ ಎದುರಿನವರು ದೊರೆಯುತ್ತಿರಲಿಲ್ಲ. ಕರೆಯುವವನು ಕೇಂದ್ರದ ಸಿಬ್ಬಂದಿಗೆ ಸೂಚನೆ ಕೊಡಬೇಕು. ಆಕೆ ಸಂಖ್ಯೆಯನ್ನು ಕೇಳಿ, ಫಲಕದ ಮೇಲಿನ ರಂಧ್ರಗಳಿಗೆ ತಂತಿಯನ್ನು ಸಿಕ್ಕಿಸಿ ಇಬ್ಬರನ್ನೂ ಜೋಡಿಸಬೇಕು. ಎರಡು ಕೇಂದ್ರಗಳ ನಡುವೆ ಎಳೆದ ತಂತಿಗಳು ಇಷ್ಟೇ ಎಂದು ಎಣಿಕೆಯವು. ತಂತಿಗಳು ಕಡಮೆಯಾದರೆ ಜನರು ಕಾದು ಕಾದು ಬೇಸರಗೊಳ್ಳುತ್ತಾರೆ. ಹೆಚ್ಚಾದರೆ ಹಣವು ನೆಲದಲ್ಲಿ ಹೂತುಹೋಗುತ್ತದೆ. ಎಷ್ಟು ತಂತಿಗಳು ಬೇಕು, ಎಷ್ಟು ಸಿಬ್ಬಂದಿ ಬೇಕು ಎಂಬುದನ್ನು ಅದುವರೆಗೆ ಅನುಭವದಿಂದಲೂ ಊಹೆಯಿಂದಲೂ ನಿರ್ಧರಿಸುತ್ತಿದ್ದರು.

ಸಂಸ್ಥೆಯನ್ನು ಸೇರಿದ ಮರುವರ್ಷವೇ, ೧೯೦೯ರಲ್ಲಿ, ಎರ್ಲಾಂಗರು ತಮ್ಮ ಮೊದಲ ಪ್ರಬಂಧವನ್ನು ಪ್ರಕಟಿಸಿದರು. ದೂರವಾಣಿಯ ಕರೆಗಳು ಒಂದನ್ನೊಂದು ಅವಲಂಬಿಸದೆ ತಮ್ಮ ಪಾಡಿಗೆ ತಾವು ಬರುವುದಾದರೆ, ಗೊತ್ತಾದ ಅವಧಿಯಲ್ಲಿ ಬರುವ ಕರೆಗಳ ಸಂಖ್ಯೆಯು ಫ್ರಾನ್ಸಿನ ಪ್ವಾಸೋನ್ ಎಂಬ ಗಣಿತಜ್ಞರ ವಿತರಣೆಯನ್ನು ಅನುಸರಿಸುತ್ತದೆಂದು ಅಲ್ಲಿ ಸಾಧಿಸಿದರು. ಇದನ್ನು ಹೀಗೆ ತಿಳಿಯಬಹುದು. ಮುಂಗಾರಿನ ಮೊದಲ ಹನಿಗಳು ಚಪ್ಪಡಿ ಹಾಸಿದ ಅಂಗಳದ ಮೇಲೆ ಬೀಳುವಾಗ ಯಾವ ಹನಿ ಯಾವ ಚಪ್ಪಡಿಯ ಮೇಲೆ ಬಿದ್ದೀತೆಂದು ಯಾರೂ ಹೇಳಲಾರರು. ಆದರೆ ಒಂದು ಚಪ್ಪಡಿಗೆ ಸರಾಸರಿ ಎರಡು ಹನಿಗಳು ಬಿದ್ದಿವೆಯೆಂದು ತಿಳಿದರೆ, ನೂರು ಚಪ್ಪಡಿಗಳಲ್ಲಿ ಹನಿಯೇ ಬೀಳದವು ಸುಮಾರು ಎಷ್ಟು, ಒಂದು ಬಿದ್ದವು ಎಷ್ಟು, ಐದು ಬಿದ್ದವು ಎಷ್ಟು ಎಂಬುದನ್ನು ಲೆಕ್ಕದಿಂದ ಹೇಳಬಹುದು. ಬಿಡಿಯಲ್ಲಿ ಅನಿಯತವಾದುದು ಇಡಿಯಲ್ಲಿ ನಿಯತವಾಗುತ್ತದೆ. ಈ ತತ್ತ್ವವೇ ಎರ್ಲಾಂಗರ ಶಾಸ್ತ್ರಕ್ಕೆ ಮೂಲ.

೧೯೧೭ರಲ್ಲಿ ಬಂದ ಅವರ ಇನ್ನೊಂದು ಪ್ರಬಂಧವು ಇದಕ್ಕೂ ಮಿಗಿಲಾದುದು. ಕೆರೆಗೆ ಬರುವ ನೀರೂ ತೂಬಿನಿಂದ ಹೋಗುವ ನೀರೂ ಸಮನಾದಾಗ ಕೆರೆಯ ಮಟ್ಟವು ನಿಂತಂತೆ ಕಾಣುವುದಷ್ಟೆ. ಹಾಗೆಯೇ ಹೊಸದಾಗಿ ಬರುವ ಕರೆಗಳೂ ಮುಗಿದು ಹೋಗುವ ಕರೆಗಳೂ ಸರಿತೂಗಿದಾಗ ಒಂದು ಸಮಸ್ಥಿತಿಯುಂಟಾಗುತ್ತದೆ. ಆ ಸಮಸ್ಥಿತಿಯನ್ನು ಆಧರಿಸಿ ಅವರು ಎರಡು ಸೂತ್ರಗಳನ್ನು ಕಟ್ಟಿದರು. ತಂತಿ ಖಾಲಿಯಿಲ್ಲದಾಗ ಬಂದ ಕರೆಯು ಹಿಂತಿರುಗಿ ಹೋಗುವುದಾದರೆ ಅಂಥ ನಷ್ಟವು ನೂರಕ್ಕೆ ಎಷ್ಟೆಂದು ಹೇಳುವುದು ಮೊದಲನೆಯದು; ಬಂದ ಕರೆಯು ಸರದಿಯಲ್ಲಿ ನಿಲ್ಲುವುದಾದರೆ ಕಾಯಬೇಕಾಗುವ ಸಂಭವವೆಷ್ಟೆಂದು ಹೇಳುವುದು ಎರಡನೆಯದು.

ಮೊದಲನೆಯ ಸೂತ್ರದ ಫಲವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಸರಾಸರಿಯಲ್ಲಿ ಹತ್ತು ತಂತಿಗಳನ್ನು ಸದಾ ತುಂಬಿಡುವಷ್ಟು ಮಾತುಕತೆ ಒಂದು ಊರಿನಲ್ಲಿದೆಯೆನ್ನೋಣ. ಹಾಗಾದರೆ ಹತ್ತು ತಂತಿಗಳು ಸಾಕೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಆಗ ನೂರಕ್ಕೆ ೨೧ ಕರೆಗಳು ತಂತಿ ದೊರೆಯದೆ ಹಿಂತಿರುಗುತ್ತವೆ. ನಷ್ಟವು ನೂರಕ್ಕೆ ಒಂದನ್ನು ಮೀರಬಾರದೆಂದರೆ ೧೮ ತಂತಿಗಳು ಬೇಕು. ಇಂಥ ಹತ್ತು ಊರುಗಳು ಬೇರೆ ಬೇರೆಯಾಗಿ ತಂತಿಗಳನ್ನು ಹಾಕಿಸಿಕೊಂಡರೆ ಒಟ್ಟು ೧೮೦ ತಂತಿಗಳಾದವು. ಅವೆಲ್ಲವೂ ಒಂದಾಗಿ ಸೇರಿ ಒಂದೇ ಗುಂಪಿನ ತಂತಿಗಳನ್ನು ಹಂಚಿಕೊಂಡರೆ ಅದೇ ಸೇವೆಗೆ ೧೧೭ರಷ್ಟೇ ಸಾಕು. ಕೂಡಿ ಬಾಳಿದರೆ ಉಳಿತಾಯವುಂಟೆಂಬ ಹಿರಿಯರ ತಿಳಿವಳಿಕೆಗೆ ಇಲ್ಲಿ ಅಂಕೆಯ ಆಧಾರ ದೊರೆಯಿತು. ಬ್ರಿಟಿಷ್ ಅಂಚೆ ಇಲಾಖೆಯು ಈ ಸೂತ್ರವನ್ನು ಅಂಗೀಕರಿಸಿತು. ಅಮೆರಿಕದ ಬೆಲ್ ಪ್ರಯೋಗಶಾಲೆಯ ಸಂಶೋಧಕರೊಬ್ಬರು ಎರ್ಲಾಂಗರ ಬರಹಗಳನ್ನು ಮೂಲದಲ್ಲಿಯೇ ಓದಬೇಕೆಂದು ಡೇನಿಶ್ ಭಾಷೆಯನ್ನು ಕಲಿತರಂತೆ.

ದಿನಚರಿ, ದಾನ ಮತ್ತು ಅವಸಾನ

ಇಷ್ಟು ಗಹನವಾದ ಗಣಿತವನ್ನು ಕಟ್ಟಿದವರು ಬರಿಯ ಕೋಣೆಯಲ್ಲಿ ಕುಳಿತ ಪಂಡಿತರಾಗಿರಲಿಲ್ಲ. ನೆಲದೊಳಗಿನ ತಂತಿಗಳಲ್ಲಿ ಸೋರುವ ವಿದ್ಯುತ್ತನ್ನು ಅಳೆಯುವ ಕೆಲಸವೂ ಅವರದಾಗಿತ್ತು. ಪ್ರಯೋಗಶಾಲೆಗೆ ಮೊದಲಲ್ಲಿ ಸಿಬ್ಬಂದಿ ಇಲ್ಲದಿದ್ದುದರಿಂದ ಅಳತೆಗಳನ್ನು ಬಹುಮಟ್ಟಿಗೆ ತಾವೇ ಮಾಡಬೇಕಾಗಿತ್ತು. ಏಣಿಯನ್ನು ಹೊತ್ತ ಕೂಲಿಯವನೊಬ್ಬನನ್ನು ಜೊತೆಗೆ ಕರೆದುಕೊಂಡು ಕೋಪನ್‌ಹೇಗನ್ನಿನ ಬೀದಿಗಳಲ್ಲಿ ನಡೆದು, ಕಂಡಿಗಳೊಳಗೆ ತಾವೇ ಇಳಿದು ಅಳೆಯುತ್ತಿದ್ದ ಅವರನ್ನು ನಗರದ ಜನರು ಕಾಣುತ್ತಿದ್ದರು. ಗಣನೆಯ ಅನುಕೂಲಕ್ಕಾಗಿ ಅವರು ಕೋಷ್ಟಕಗಳನ್ನೂ ಸಿದ್ಧಪಡಿಸಿದರು.

ಅವರು ವಿವಾಹವಾಗಲಿಲ್ಲ. ಹಗಲಿರುಳೂ ಕೆಲಸ, ವ್ಯಾಸಂಗ ಇವೇ ಅವರ ಸಂಸಾರ. ಗಣಿತ, ಖಗೋಳ, ಭೌತಶಾಸ್ತ್ರಗಳ ದೊಡ್ಡ ಗ್ರಂಥಭಂಡಾರವನ್ನು ಕೂಡಿಸಿದ್ದರು. ತತ್ತ್ವಶಾಸ್ತ್ರ, ಇತಿಹಾಸ, ಕಾವ್ಯಗಳಲ್ಲಿಯೂ ಅಭಿರುಚಿಯಿತ್ತು. ಕಷ್ಟದಲ್ಲಿರುವವರು ಕೇಳಿದಾಗ ಕೈ ಹಿಡಿದುಕೊಂಡವರಲ್ಲ. ಅನೇಕರು ಸಹಾಯವನ್ನರಸಿ ಅವರ ಬಳಿಗೆ ಬರುತ್ತಿದ್ದರು, ಅವರು ಸದ್ದಿಲ್ಲದೆ ಕೊಡುತ್ತಿದ್ದರು. ಸಹೋದರಿ ಇಂಗೆಬೋರ್ಗ್ ಅವರು ಮಾನಸಿಕ ರೋಗದಿಂದ ನರಳುವ ಹೆಣ್ಣುಮಕ್ಕಳಿಗಾಗಿ ತೆರೆದ ಆಶ್ರಯಧಾಮಕ್ಕೂ ಅಣ್ಣನ ನೆರವು ಇತ್ತು.

ಸುಮಾರು ಇಪ್ಪತ್ತು ವರ್ಷಗಳ ಸೇವೆಯಲ್ಲಿ ಕಾಯಿಲೆಯೆಂದು ಒಂದು ದಿನವೂ ರಜೆ ತೆಗೆದುಕೊಳ್ಳದಿದ್ದವರು ೧೯೨೯ರ ಜನವರಿಯಲ್ಲಿ ಹೊಟ್ಟೆಯ ಬೇನೆಯಿಂದ ಆಸ್ಪತ್ರೆಯನ್ನು ಸೇರಿದರು. ಶಸ್ತ್ರಚಿಕಿತ್ಸೆಯಾಯಿತು, ಆದರೆ ಗುಣವಾಗಲಿಲ್ಲ. ೧೯೨೯ರ ಫೆಬ್ರವರಿ ೩ರಂದು, ಐವತ್ತೊಂದನೆಯ ವಯಸ್ಸಿನಲ್ಲಿ ಅವರು ದಿವಂಗತರಾದರು. ೧೯೪೬ರಲ್ಲಿ ಅಂತರರಾಷ್ಟ್ರೀಯ ದೂರವಾಣಿ ಸಮಿತಿಯು ದೂರವಾಣಿಯ ಭಾರವನ್ನು ಅಳೆಯುವ ಮಾನಕ್ಕೆ ಎರ್ಲಾಂಗ್ ಎಂದು ಹೆಸರಿಟ್ಟಿತು. ಒಂದು ತಂತಿಯು ಬಿಡುವಿಲ್ಲದೆ ತುಂಬಿರುವಷ್ಟು ಭಾರವೇ ಒಂದು ಎರ್ಲಾಂಗ್. ೧೯೪೮ರಲ್ಲಿ ಅವರ ಜೀವನವನ್ನೂ ಪ್ರಬಂಧಗಳನ್ನೂ ಒಳಗೊಂಡ ಗ್ರಂಥವು ಇಂಗ್ಲಿಷಿನಲ್ಲಿ ಪ್ರಕಟವಾಯಿತು.

ನಮ್ಮ ನಾಡಿನಲ್ಲಿ

ಆ ಗ್ರಂಥವು ಹೊರಬಂದ ೧೯೪೮ನೆಯ ವರ್ಷದಲ್ಲಿಯೇ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯು ಸ್ಥಾಪಿತವಾಯಿತು. ಆ ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರವೆಂಬ ಅಂದವಾದ ಹೆಸರು ಬಂದಿತು. ೧೯೮೪ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯು ಹಳ್ಳಿಗಾಡಿನ ಬಿಸಿಲು ಧೂಳುಗಳನ್ನು ತಾಳಬಲ್ಲ ಸಣ್ಣ ಸ್ವಯಂಚಾಲಿತ ಕೇಂದ್ರವನ್ನು ರೂಪಿಸಿ, ೧೯೮೬ರಲ್ಲಿ ಅದನ್ನು ಮೊದಲಿಗೆ ನಡೆಸಿದ್ದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಇಂಥ ಪ್ರತಿಯೊಂದು ಕೇಂದ್ರದ ಅಳತೆಯ ಹಿಂದೆಯೂ ಎರ್ಲಾಂಗರ ಮಾನವಿತ್ತು.

ಅದಕ್ಕೆ ಹಿಂದಿನ ದಿನಗಳನ್ನು ಕಂಡವರಿಗೆ ಟ್ರಂಕ್ ಕಾಲ್ ಎಂಬುದು ನೆನಪಿರುತ್ತದೆ. ಪರಊರಿಗೆ ಮಾತಾಡಬೇಕಾದರೆ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ಗಂಟೆಗಟ್ಟಲೆ ಕಾಯಬೇಕಾಗಿತ್ತು. ಆ ಕರೆಗಳಲ್ಲಿ ಸಾಮಾನ್ಯ, ಅರ್ಜೆಂಟ್, ಲೈಟ್ನಿಂಗ್ ಎಂದು ದರ್ಜೆಗಳಿದ್ದವು. ಅರ್ಜೆಂಟ್ ಕರೆಗೆ ಇಮ್ಮಡಿ ಹಣ. ಲೈಟ್ನಿಂಗ್ ಕರೆಗೆ ಹಲವು ಮಡಿ. ಹೆಚ್ಚು ಕೊಟ್ಟವನ ಕರೆ ಮೊದಲು, ಕೊಡಲಾರದವನ ಕರೆ ಅನಂತರ. ಹೆರಿಗೆಯ ಸುದ್ದಿ, ಸಾವಿನ ಸುದ್ದಿ, ಮಂಡಿಯ ದರದ ಸುದ್ದಿ ಎಲ್ಲವೂ ಒಂದೇ ತಂತಿಯಲ್ಲಿ ಹಾಯಬೇಕು. ಹೀಗೆ ಸರದಿಯಲ್ಲಿ ಮೇಲುಕೆಳಗು ಬಂದಾಗ ಯಾರು ಎಷ್ಟು ಕಾಯಬೇಕಾಗುತ್ತದೆಂಬುದು ಎರ್ಲಾಂಗರ ಮುಂದಿನ ತಲೆಮಾರಿನವರು ಎತ್ತಿಕೊಂಡ ಪ್ರಶ್ನೆ. ೧೯೩೦ರ ಸುಮಾರಿಗೆ ಪೊಲ್ಲಾಚೆಕ್ ಮತ್ತು ಖಿಂಚಿನ್ ಎಂಬವರು ಒಂದೇ ಸಾಲಿನ ಕಾಯುವಿಕೆಯ ಗಣಿತವನ್ನು ವಿಸ್ತರಿಸಿದರು. ೧೯೫೪ರಲ್ಲಿ ಅಲನ್ ಕಾಬಮ್ ಎಂಬವರು ಆದ್ಯತೆಯುಳ್ಳ ಸಾಲಿನ ಸೂತ್ರವನ್ನು ಕೊಟ್ಟರು.

ಆದ್ಯತೆಯ ಲೆಕ್ಕ

ಈ ಲೆಕ್ಕವು ಎಲ್ಲರೂ ಅರಿಯತಕ್ಕದ್ದಾದುದರಿಂದ ಸ್ವಲ್ಪ ವಿಸ್ತರಿಸುತ್ತೇನೆ. ಒಬ್ಬನೇ ಗುಮಾಸ್ತನಿರುವ ಒಂದು ಕಿಟಕಿಯನ್ನು ಭಾವಿಸಿಕೊಳ್ಳಿ. ಒಬ್ಬೊಬ್ಬರ ಕೆಲಸಕ್ಕೆ ಸರಾಸರಿ ಒಂದು ನಿಮಿಷ ಹಿಡಿಯುತ್ತದೆ. ಕೆಲವರಿಗೆ ಕಡಮೆ, ಕೆಲವರಿಗೆ ಹೆಚ್ಚು. ಜನರು ಮಳೆಹನಿಗಳಂತೆ ತಮ್ಮ ಪಾಡಿಗೆ ತಾವು ಬರುತ್ತಾರೆ. ಗುಮಾಸ್ತನ ಹೊತ್ತಿನಲ್ಲಿ ಅರ್ಧ ಮಾತ್ರ ತುಂಬಿದ್ದರೆ ಸರಾಸರಿ ಕಾಯುವಿಕೆ ಒಂದು ನಿಮಿಷ. ನೂರಕ್ಕೆ ೮೦ ತುಂಬಿದರೆ ನಾಲ್ಕು ನಿಮಿಷ. ೯೦ ತುಂಬಿದರೆ ಒಂಬತ್ತು ನಿಮಿಷ. ೯೫ ತುಂಬಿದರೆ ಹತ್ತೊಂಬತ್ತು ನಿಮಿಷ. ಭಾರವು ಸ್ವಲ್ಪವೇ ಏರಿದರೂ ತುದಿಯಲ್ಲಿ ಕಾಯುವಿಕೆಯು ಹಾರಿ ಏರುತ್ತದೆ. ನೂರಕ್ಕೆ ನೂರು ತುಂಬಿಸಿ ದುಡಿಸುತ್ತೇನೆಂದು ಹೊರಟವನ ಕಿಟಕಿಯ ಮುಂದೆ ಸಾಲು ಕರಗುವುದೇ ಇಲ್ಲ.

ಈಗ ನೂರಕ್ಕೆ ೯೦ ತುಂಬಿರುವ ಕಿಟಕಿಯನ್ನು ತೆಗೆದುಕೊಳ್ಳೋಣ. ಹತ್ತು ನಿಮಿಷಗಳಲ್ಲಿ ಸರಾಸರಿ ಒಂಬತ್ತು ಮಂದಿ ಬರುತ್ತಾರೆ. ಎಲ್ಲರೂ ಸರಾಸರಿ ಒಂಬತ್ತು ನಿಮಿಷ ಕಾಯುತ್ತಾರೆ. ಒಂಬತ್ತು ಮಂದಿಯ ಕಾಯುವಿಕೆಯನ್ನು ಕೂಡಿಸಿದರೆ ೮೧ ನಿಮಿಷ. ನಡೆಯುತ್ತಿರುವ ಕೆಲಸವನ್ನು ಅರ್ಧದಲ್ಲಿ ನಿಲ್ಲಿಸದೆ, ಆ ಒಂಬತ್ತು ಮಂದಿಯಲ್ಲಿ ಒಬ್ಬರಿಗೆ ಮಾತ್ರ ಆದ್ಯತೆಯನ್ನು ಕೊಡೋಣ. ಕಾಬಮ್ಮರ ಸೂತ್ರದಂತೆ ಆ ಒಬ್ಬರ ಕಾಯುವಿಕೆ ಒಂಬತ್ತರಿಂದ ಒಂದು ನಿಮಿಷಕ್ಕೆ ಇಳಿಯುತ್ತದೆ. ಉಳಿದ ಎಂಟು ಮಂದಿಯದು ಒಂಬತ್ತರಿಂದ ಹತ್ತಕ್ಕೆ ಏರುತ್ತದೆ. ಒಬ್ಬರ ಒಂದು ನಿಮಿಷವೂ ಎಂಟು ಮಂದಿಯ ಎಂಬತ್ತು ನಿಮಿಷಗಳೂ ಸೇರಿ ಮತ್ತೆ ೮೧. ಪ್ರಾಣಾಪಾಯದಲ್ಲಿರುವ ಒಬ್ಬನಿಗಾಗಿ ಎಂಟು ಮಂದಿ ಒಂದೊಂದು ನಿಮಿಷವನ್ನು ಬಿಟ್ಟುಕೊಡುವುದು ಧರ್ಮವೆಂದು ಯಾರಾದರೂ ಒಪ್ಪುತ್ತಾರೆ.

ಆದರೆ ಆದ್ಯತೆಯ ಚೀಟಿಯನ್ನು ಎಂಟು ಮಂದಿಗೆ ಹಂಚಿದರೆ ಏನಾಗುತ್ತದೆ? ಅವರ ಕಾಯುವಿಕೆಯು ಒಂದು ನಿಮಿಷಕ್ಕೆ ಇಳಿಯುವುದಿಲ್ಲ. ನಾಲ್ಕೂವರೆ ನಿಮಿಷಕ್ಕೆ ಬಂದು ನಿಲ್ಲುತ್ತದೆ. ಚೀಟಿಯಿಲ್ಲದೆ ಉಳಿದ ಒಬ್ಬನು ೪೫ ನಿಮಿಷ ಕಾಯಬೇಕಾಗುತ್ತದೆ. ಎಂಟು ಮಂದಿಯ ೩೬ ನಿಮಿಷಗಳಿಗೆ ಆ ಒಬ್ಬನ ೪೫ನ್ನು ಕೂಡಿಸಿ ನೋಡಿ. ಮತ್ತೆ ಅದೇ ೮೧. ಎಷ್ಟು ಹಿಂದೆಮುಂದೆ ಮಾಡಿದರೂ ಒಟ್ಟು ಭಾರವು ಕರಗುವುದಿಲ್ಲ, ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಜಾರುತ್ತದೆ. ೧೯೬೫ರಲ್ಲಿ ಅಮೆರಿಕದ ಲಿಯೊನಾರ್ಡ್ ಕ್ಲೈನ್‌ರಾಕ್ ಅವರು ಇದನ್ನು ಕಾಯುವಿಕೆಯ ಸಂರಕ್ಷಣೆಯ ನಿಯಮವೆಂಬಂತೆ ನಿರೂಪಿಸಿದರು. ಅಂತರಜಾಲಕ್ಕೆ ಪೂರ್ವರೂಪವಾಗಿ ೧೯೬೯ರಲ್ಲಿ ಮೊದಲಾದ ಜಾಲದ ನಿರ್ಮಾಣದಲ್ಲಿ ಪಾಲುಗೊಂಡವರೂ ಅವರೇ.

ಇಂದಿನ ಅಂತರಜಾಲದಲ್ಲಿ ಮಾತು, ಚಿತ್ರ, ಪತ್ರ ಎಲ್ಲವೂ ಸಣ್ಣ ಸಣ್ಣ ಪೊಟ್ಟಣಗಳಾಗಿ ಸಾಗುತ್ತವೆ. ದಾರಿ ಕೂಡುವೆಡೆಗಳಲ್ಲಿ ರೌಟರ್ ಎಂಬ ಯಂತ್ರಗಳಿವೆ. ಪೊಟ್ಟಣಗಳು ಅವುಗಳ ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಪತ್ರವು ಎರಡು ಕ್ಷಣ ತಡವಾದರೆ ಕೇಡಿಲ್ಲ. ಮಾತಿನ ಪೊಟ್ಟಣವು ತಡವಾದರೆ ಸಂಭಾಷಣೆಯೇ ಕೆಡುತ್ತದೆ. ಬಾಯಿಂದ ಕಿವಿಗೆ ೧೫೦ ಮಿಲಿಸೆಕೆಂಡುಗಳೊಳಗೆ ಮುಟ್ಟಿದರೆ ಒಳಿತೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಹೇಳುತ್ತದೆ. ಸೆಕೆಂಡಿಗೆ ೧೦ ಮೆಗಾಬಿಟ್ ಸಾಗಿಸುವ ತಂತಿಯ ಮೇಲೆ ೧೫೦೦ ಬೈಟುಗಳ ಪೊಟ್ಟಣವು ಹೊರಡಲು ೧.೨ ಮಿಲಿಸೆಕೆಂಡು ಬೇಕು. ಸರಾಸರಿ ಪೊಟ್ಟಣವು ಅಷ್ಟು ದೊಡ್ಡದಾಗಿದ್ದು, ಮೇಲಿನ ಉದಾಹರಣೆಯ ನಿಮಿಷದ ಸ್ಥಾನದಲ್ಲಿ ಈ ಕಾಲವನ್ನಿಟ್ಟರೆ, ಆದ್ಯತೆಯಿಲ್ಲದ ಹತ್ತು ರೌಟರುಗಳನ್ನು ದಾಟುವಲ್ಲಿ ೧೦೮ ಮಿಲಿಸೆಕೆಂಡು ಸಾಲಿನಲ್ಲಿಯೇ ಕಳೆಯುತ್ತದೆ. ಒಂಬತ್ತರಲ್ಲಿ ಒಂದು ಪಾಲಾದ ಮಾತಿನ ಪೊಟ್ಟಣಗಳಿಗೆ ಆದ್ಯತೆ ಕೊಟ್ಟರೆ ಅವು ೧೨ ಮಿಲಿಸೆಕೆಂಡು ಮಾತ್ರ ಕಾಯುತ್ತವೆ, ಉಳಿದವು ೧೨೦. ಒಂಬತ್ತರಲ್ಲಿ ಎಂಟಕ್ಕೂ ಆದ್ಯತೆ ಕೊಟ್ಟರೆ ಅವು ೫೪, ಉಳಿದೊಂದು ೫೪೦. ೧೯೯೮ರಲ್ಲಿ ಅಂತರಜಾಲದಲ್ಲಿ ದರ್ಜೆಗಳ ಏರ್ಪಾಡನ್ನು ವಿಧಿಸಿದಾಗ, ಮೇಲಿನ ದರ್ಜೆಯ ಪಾಲನ್ನು ಮಿತಿಯೊಳಗಿಡಬೇಕೆಂಬ ಎಚ್ಚರ ಇದ್ದುದು ಈ ಕಾರಣದಿಂದಲೇ.

ಒಂದು ಮಾತನ್ನು ಸೇರಿಸಬೇಕು. ಈ ಸೂತ್ರಗಳು ಮಳೆಹನಿಯಂತೆ ಬಿಡಿಬಿಡಿಯಾಗಿ ಬರುವ ಭಾರಕ್ಕೆ ಹೊಂದುವಂಥವು. ಗಣಕಗಳ ಸಂದೇಶಗಳು ಹಾಗಲ್ಲದೆ, ಜಾತ್ರೆಯ ಜನದಂತೆ ಗುಂಪುಗುಂಪಾಗಿ ನುಗ್ಗುತ್ತವೆಂದು ೧೯೯೦ರ ದಶಕದ ಅಳತೆಗಳು ತೋರಿಸಿದವು. ಹಾಗೆ ನುಗ್ಗಿದಾಗ ನಿಜವಾದ ತಡವು ಸೂತ್ರ ಹೇಳಿದುದಕ್ಕಿಂತ ಹೆಚ್ಚಾಗುತ್ತದೆ. ಆದುದರಿಂದ ಬಲ್ಲವರು ಸೂತ್ರದಿಂದ ಮೊದಲ ಅಂದಾಜನ್ನು ಪಡೆದು, ಏಣಿಯ ಜೊತೆ ಬೀದಿಗಿಳಿದ ಎರ್ಲಾಂಗರಂತೆಯೇ ಕಣ್ಣಾರೆ ಅಳೆದು ತಿದ್ದಿಕೊಳ್ಳುತ್ತಾರೆ.

ಉಪಸಂಹಾರ

ಮೇಲಿನ ದರ್ಜೆಯೇ ತಂತಿಯನ್ನೆಲ್ಲ ತುಂಬಿಬಿಟ್ಟರೆ ಕೆಳಗಿನ ದರ್ಜೆಗೆ ಸರದಿ ಬರುವುದೇ ಇಲ್ಲ. ಇದಕ್ಕೆ ಪರಿಹಾರವಾಗಿ ೧೯೮೯ರಿಂದೀಚೆಗೆ ಪ್ರತಿಯೊಬ್ಬರಿಗೂ ಗೊತ್ತಾದ ಒಂದು ಪಾಲನ್ನು ಕಾಪಾಡುವ ನ್ಯಾಯಸಾಲಿನ ವಿಧಾನಗಳು ಬಳಕೆಗೆ ಬಂದಿವೆ. ನಮ್ಮ ಕೆರೆಗಳ ನೀರುಗಂಟಿಯು ಈ ನ್ಯಾಯವನ್ನು ತಲೆತಲಾಂತರದಿಂದ ಅರಿತವನು. ತೂಬಿನ ಪಕ್ಕದ ಗದ್ದೆಗೆ ನೀರು ಸುಲಭವಾಗಿ ಹರಿಯುತ್ತದೆ. ಅಚ್ಚುಕಟ್ಟಿನ ಕೊನೆಯ ಗದ್ದೆಗೂ ಅದರ ಪಾಳಿಯ ನೀರನ್ನು ಮುಟ್ಟಿಸುವುದರಲ್ಲಿಯೇ ನೀರುಗಂಟಿಯ ಹೆಸರಿದೆ. ಪಂಕ್ತಿಯಲ್ಲಿ ಸಣ್ಣ ಮಕ್ಕಳಿಗೆ ಮೊದಲು ಬಡಿಸುವ ನಮ್ಮ ಪದ್ಧತಿಯೂ ಸರಿಯಾದುದೇ. ಆದರೆ ದೊಡ್ಡವರೆಲ್ಲರೂ ತಾವೂ ಮಕ್ಕಳೆಂದು ಮೊದಲ ಪಂಕ್ತಿಗೆ ನುಗ್ಗಿದರೆ ಕೊನೆಯಲ್ಲಿ ಹಸಿದು ಕಾಯುವವನು ಯಾರೆಂಬುದನ್ನು ಲೆಕ್ಕವೇ ಹ್ಹೇಳುತ್ತದೆ.

೨೦೦೮ರಿಂದ ನಮ್ಮ ದೇವನಹಳ್ಳಿಯ ನೆಲದ ಮೇಲೆ ವಿಮಾನಗಳು ಒಂದರ ಹಿಂದೊಂದು ಸರದಿಯಂತೆ ಇಳಿಯುತ್ತಿವೆ. ವಿಜಯಪುರದ ಬೀದಿಯಲ್ಲಿ ನಿಂತ ಹುಡುಗನು ದೂರದೇಶದಲ್ಲಿರುವ ಅಣ್ಣನೊಡನೆ ಮುಖ ನೋಡಿಕೊಂಡು ಮಾತಾಡುತ್ತಾನೆ. ಆ ಮಾತು ತಡೆಯಿಲ್ಲದೆ ಸಾಗುವಾಗ, ಯಾವುದೋ ರೌಟರಿನ ಬಾಗಿಲಲ್ಲಿ ಅದಕ್ಕಾಗಿ ಬೇರೆ ಯಾರದೋ ಪತ್ರವು ಕ್ಷಣಕಾಲ ಪಕ್ಕಕ್ಕೆ ಸರಿದು ನಿಂತಿರುತ್ತದೆ. ಯಾರಿಗಾಗಿ ಯಾರು ಎಷ್ಟು ಕಾಯಬೇಕೆಂಬುದನ್ನು ಮರೆಮಾಚದೆ ಲೆಕ್ಕವಿಟ್ಟು ತೋರಿಸುವ ವಿದ್ಯೆಯನ್ನು ಲೋಕಕ್ಕೆ ಕೊಟ್ಟವರು ಲೋನ್‌ಬೋರ್ಗ್ ಗ್ರಾಮದ ಉಪಾಧ್ಯಾಯರ ಮಗ. ಗಣಿತದ ತರಗತಿಯಲ್ಲಿ ಸಂಭವನೀಯತೆಯ ಪಾಠ ಬಂದಾಗ ನಮ್ಮ ಉಪಾಧ್ಯಾಯ ಬಂಧುಗಳು ಈ ಮಹನೀಯರ ಹೆಸರನ್ನು ಮಕ್ಕಳಿಗೆ ಒಮ್ಮೆ ಹೇಳಿ, ಕಿಟಕಿಯ ಮುಂದಿನ ಆ ೮೧ ನಿಮಿಷಗಳ ಲೆಕ್ಕವನ್ನು ಹಲಗೆಯ ಮೇಲೆ ಮಾಡಿಸಲೆಂದು ಹಾರೈಸುತ್ತೇನೆ.